ಎಂಟು ಹಾಕಿದರೆ ಸಾಲದು, ಅಂದಾಜು ಬೇಕು

ನಮ್ಮ ಕಾಲೇಜಿನ ಪಾರ್ಕಿಂಗ್‌ನಲ್ಲಿ ನಿಲ್ಲುವ ಬೈಕು, ಸ್ಕೂಟರುಗಳ ಸವಾರರಲ್ಲಿ ಹೆಚ್ಚಿನವರ ಹತ್ತಿರ ಲೈಸೆನ್ಸ್ ಉಂಟು. ಅದು ಹೇಗೆ ಸಿಕ್ಕಿತು ಅಂತ ಕೇಳಿದರೆ ಎಲ್ಲರದ್ದೂ ಒಂದೇ ಕಥೆ. ಮೊದಲು ಕಂಪ್ಯೂಟರ್ ಎದುರು ಕೂತು ಸೈನ್‌ಬೋರ್ಡ್‌ಗಳನ್ನು ಗುರುತಿಸುವುದು, ಆಮೇಲೆ ಒಂದು ದಿನ ಮೈದಾನದಲ್ಲಿ ಕಾಲು ನೆಲಕ್ಕೆ ತಾಗಿಸದೆ ಎಂಟು ಹಾಕುವುದು. ಮುಗೀತು. ಆ ಎಂಟನ್ನು ನಾವು ಹಗುರವಾಗಿ ನೋಡುವುದಿಲ್ಲ. ನಿಧಾನವಾಗಿ ಹೋಗುವಾಗ ಬ್ಯಾಲೆನ್ಸ್ ಹೇಗೆ, ಕ್ಲಚ್ ಎಷ್ಟು ಬಿಡಬೇಕು, ತಿರುಗುವಾಗ ಕಣ್ಣು ಎಲ್ಲಿರಬೇಕು ಅನ್ನುವುದೆಲ್ಲ ಅದರಲ್ಲಿ ಗೊತ್ತಾಗುತ್ತದೆ. ಆದರೆ ಆ ಮೈದಾನದಲ್ಲಿ ನಾಯಿ ಅಡ್ಡ ಬರಲಿಲ್ಲ. ಕೈ ತೋರಿಸಿದಲ್ಲೆಲ್ಲ ನಿಲ್ಲುವ ಬಸ್ಸು ಇರಲಿಲ್ಲ. ಮೀನಿನ ಲಾರಿಯಿಂದ ನೀರು ಸೋರಿರಲಿಲ್ಲ. ಮಳೆಯೂ ಬರುತ್ತಿರಲಿಲ್ಲ.

ಮರುದಿನದಿಂದ ನಾವು ಓಡಿಸುವುದು ಇದೆಲ್ಲ ಇರುವ ರಸ್ತೆಯಲ್ಲಿ. ಅಲ್ಲಿ ಬೈಕನ್ನು ಬೀಳಿಸದೆ ಓಡಿಸುವುದು ಸುಲಭದ ಭಾಗ. ಮುಂದಿನ ಮೂರು ನಾಲ್ಕು ಸೆಕೆಂಡಿನಲ್ಲಿ ಯಾರು ಏನು ಮಾಡಬಹುದು ಅಂತ ಮೊದಲೇ ಲೆಕ್ಕ ಹಾಕುವುದು ಕಷ್ಟದ ಭಾಗ. ಇಂಗ್ಲಿಷ್ ಮೀಡಿಯಂನಲ್ಲಿ ಓದಿದ ನಮಗೆ ಇದರ ದೊಡ್ಡ ಹೆಸರು, 'ಹಜಾರ್ಡ್ ಪರ್ಸೆಪ್ಷನ್' ಅಂತ, ಯೂಟ್ಯೂಬ್‌ನಲ್ಲಿ ಸಿಕ್ಕಿತು. ಊರಿನಲ್ಲಿ ಇದಕ್ಕೆ ಮೊದಲಿಂದಲೂ ಒಂದು ಸಣ್ಣ ಪದ ಉಂಟು: ಅಂದಾಜು. 'ಅವನಿಗೆ ರೋಡಿನ ಅಂದಾಜು ಉಂಟು, ಅವನ ಹಿಂದೆ ಕೂತುಕೊಳ್ಳಬಹುದು' ಅಂತ ಹಿರಿಯರು ಹೇಳುವುದನ್ನು ನಾವೆಲ್ಲ ಕೇಳಿದ್ದೇವೆ. ಕೆಲವರಿಗೆ ಅದು ಹುಟ್ಟಿನಿಂದಲೇ ಬಂದಿರುತ್ತದೆ, ಉಳಿದವರಿಗೆ ಬಿದ್ದ ಮೇಲೆ ಬರುತ್ತದೆ ಅಂತ ಒಂದು ನಂಬಿಕೆ. ನಾವು ಇದನ್ನು ಒಪ್ಪುವುದಿಲ್ಲ. ಅಂದಾಜನ್ನು ಕಲಿಯಬಹುದು, ಕಲಿಸಬಹುದು. ಕಾಲೇಜಿಗೆ ಬೈಕಿನಲ್ಲಿ ಬರುವ ಮಕ್ಕಳಿಗೆ ಕಾಲೇಜಿನಲ್ಲೇ ಕಲಿಸಬೇಕು. ಈ ಲೇಖನದಲ್ಲಿ ನಾವು ಹೇಳಲು ಹೊರಟಿರುವುದು ಇಷ್ಟೇ.

ಇಷ್ಟು ಸಣ್ಣ ವಿಷಯಕ್ಕೆ ಒಂದು ಲೇಖನವೇ ಅಂತ ಕೇಳಬಹುದು. ಕೇಂದ್ರ ಸಾರಿಗೆ ಸಚಿವಾಲಯದ ವರದಿಯ ಪ್ರಕಾರ 2022ರಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ಅದರಲ್ಲಿ ಶೇ. 44ಕ್ಕಿಂತ ಹೆಚ್ಚು ಜನ ದ್ವಿಚಕ್ರ ವಾಹನದಲ್ಲಿದ್ದವರು. ಅಂಕಿ ಸಂಖ್ಯೆ ಓದುವಾಗ ಯಾರಿಗೂ ಏನೂ ಅನಿಸುವುದಿಲ್ಲ. ಆದರೆ ನಮ್ಮ ವಾಟ್ಸಾಪ್ ಸ್ಟೇಟಸ್‌ಗಳಲ್ಲಿ ಯಾರದ್ದೋ ನಗುವ ಫೋಟೋ, ಕೆಳಗೆ 'ಓಂ ಶಾಂತಿ' ಅಂತ ಬಂದಾಗ ಎದೆ ಧಸಕ್ ಅನ್ನುತ್ತದೆ. ಅಂಥ ಫೋಟೋ ನೋಡದ ಒಂದು ವರ್ಷ ನಮಗೆ ನೆನಪಿಲ್ಲ.

ಒಂದು ಬಸ್ಸಿನಷ್ಟು ಉದ್ದ

ಎಂಜಿನಿಯರಿಂಗ್ ಮಕ್ಕಳು ನಾವು, ಸ್ವಲ್ಪ ಲೆಕ್ಕ ಮಾಡೋಣ. ಗಂಟೆಗೆ 60 ಕಿ.ಮೀ. ವೇಗ ಅಂದರೆ ಸೆಕೆಂಡಿಗೆ ಸುಮಾರು 16.7 ಮೀಟರ್. ಏನೂ ನಿರೀಕ್ಷೆ ಮಾಡದೆ ಹೋಗುವವನ ಎದುರು ಏನಾದರೂ ಬಂದರೆ ಅದನ್ನು ನೋಡಿ, ಅರ್ಥ ಮಾಡಿಕೊಂಡು, ಬ್ರೇಕ್ ಹಿಡಿಯುವ ಹೊತ್ತಿಗೆ ಸುಮಾರು ಒಂದೂವರೆ ಸೆಕೆಂಡು ಹೋಗುತ್ತದೆ. ಅಷ್ಟರಲ್ಲಿ ಬೈಕ್ 25 ಮೀಟರ್ ಮುಂದೆ ಬಂದಾಯಿತು. ಬ್ರೇಕ್ ಇನ್ನೂ ಕೆಲಸವನ್ನೇ ಶುರು ಮಾಡಿಲ್ಲ. ಆಮೇಲೆ ಒಣ ರಸ್ತೆಯಲ್ಲಿ ಒಳ್ಳೆಯ ಬ್ರೇಕ್ ಹಾಕಿದರೂ ನಿಲ್ಲಲು ಇನ್ನೊಂದು 20 ಮೀಟರ್ ಬೇಕು. ಒದ್ದೆ ರಸ್ತೆಯಾದರೆ 35 ಮೀಟರ್ ಅಂತ ಇಟ್ಟುಕೊಳ್ಳಿ.

ಈಗ ಅದೇ ಸವಾರ 'ಇಲ್ಲಿ ಯಾರಾದರೂ ಬರಬಹುದು' ಅಂತ ಮೊದಲೇ ಯೋಚಿಸಿ ಬೆರಳು ಬ್ರೇಕಿನ ಮೇಲೆ ಇಟ್ಟಿದ್ದಾನೆ ಅನ್ನಿ. ನಿರೀಕ್ಷೆ ಇದ್ದಾಗ ಪ್ರತಿಕ್ರಿಯೆಯ ಸಮಯ ಮುಕ್ಕಾಲು ಸೆಕೆಂಡಿನ ಆಸುಪಾಸಿಗೆ ಇಳಿಯುತ್ತದೆ. ಅಂದರೆ 12 ಮೀಟರಿಗಿಂತ ಹೆಚ್ಚು ಉಳಿಯಿತು. ಹೆಚ್ಚುಕಡಿಮೆ ಒಂದು ಬಸ್ಸಿನ ಉದ್ದ. ಹೊಸ ಟಯರ್ ಹಾಕಿಲ್ಲ, ದುಬಾರಿ ಬೈಕ್ ತಗೊಂಡಿಲ್ಲ, ಬರೀ ಯೋಚಿಸಿದ್ದಕ್ಕೆ ಸಿಕ್ಕಿದ ಜಾಗ ಅದು.

ವೇಗವನ್ನೂ 40ಕ್ಕೆ ಇಳಿಸಿದರೆ ಲೆಕ್ಕ ಇನ್ನೂ ತಮಾಷೆಯಾಗಿದೆ. ಒಣ ರಸ್ತೆಯಲ್ಲಿ 40ರಲ್ಲಿ ಹೋಗುವವನಿಗೆ ಗಾಬರಿ ಬಿದ್ದರೂ ಪೂರ್ತಿ ನಿಲ್ಲಲು ಸುಮಾರು 25-26 ಮೀಟರ್ ಸಾಕು. 60ರಲ್ಲಿ ಹೋಗುವವನು ಬ್ರೇಕ್ ಹಿಡಿಯಲು ಶುರು ಮಾಡುವುದೇ 25ನೇ ಮೀಟರಿನಲ್ಲಿ. ಒಬ್ಬ ನಿಂತ ಜಾಗದಲ್ಲಿ ಇನ್ನೊಬ್ಬ ಪೂರ್ತಿ 60ರಲ್ಲಿ ಇರುತ್ತಾನೆ.

'ನಮ್ಮ ಬೈಕಿಗೆ ಎಬಿಎಸ್ ಉಂಟು' ಅಂತ ಹೇಳುವವರಿದ್ದಾರೆ. 2019ರ ಎಪ್ರಿಲ್‌ನಿಂದ 125 ಸಿಸಿಗಿಂತ ದೊಡ್ಡ ಹೊಸ ಬೈಕುಗಳಿಗೆಲ್ಲ ಅದು ಕಡ್ಡಾಯವಾಗಿದೆ. ಒಳ್ಳೆಯದೇ. ಆದರೆ ಎಬಿಎಸ್‌ನ ಕೆಲಸ ಶುರುವಾಗುವುದು ನಾವು ಬ್ರೇಕ್ ಹಿಡಿದ ಮೇಲೆ. ಅದಕ್ಕಿಂತ ಮುಂಚಿನ 25 ಮೀಟರ್ ನಮ್ಮ ತಲೆಯದ್ದು. ಅಲ್ಲಿಗೆ ಯಾವ ಸೆನ್ಸರೂ ಬರುವುದಿಲ್ಲ.

ಅಮೆರಿಕದಲ್ಲಿ ಹ್ಯಾರಿ ಹರ್ಟ್ ಎಂಬ ಸಂಶೋಧಕರ ತಂಡ ಲಾಸ್ ಏಂಜಲೀಸ್ ಕಡೆಯ 900 ಬೈಕ್ ಅಪಘಾತಗಳನ್ನು ಸ್ಥಳಕ್ಕೇ ಹೋಗಿ ನೋಡಿ 1981ರಲ್ಲಿ ವರದಿ ಕೊಟ್ಟಿತು. ಅದರ ಪ್ರಕಾರ, ಮಾಮೂಲಿ ಅಪಘಾತದಲ್ಲಿ ಸವಾರನಿಗೆ ತಪ್ಪಿಸಿಕೊಳ್ಳಲು ಸಿಕ್ಕ ಒಟ್ಟು ಸಮಯ 2 ಸೆಕೆಂಡಿಗಿಂತಲೂ ಕಡಿಮೆ. ಬೇರೆ ವಾಹನಕ್ಕೆ ಡಿಕ್ಕಿಯಾದ ಪ್ರಕರಣಗಳಲ್ಲಿ ಮೂರನೇ ಎರಡು ಪಾಲಿನಷ್ಟು ತಪ್ಪು ಆ ಇನ್ನೊಂದು ವಾಹನದ್ದು. ಈ ಎರಡು ಮಾತನ್ನು ಒಟ್ಟಿಗೆ ಓದಬೇಕು. ತಪ್ಪು ಅವರದ್ದೇ ಇರಬಹುದು, ಆದರೆ ಇರುವ 2 ಸೆಕೆಂಡು ನಮ್ಮದು. ಅದರಲ್ಲಿ ಒಂದೂವರೆ ಸೆಕೆಂಡನ್ನು ಆಶ್ಚರ್ಯಪಡುವುದಕ್ಕೆ ಖರ್ಚು ಮಾಡಿದರೆ ಉಳಿಯುವುದು ಏನು?

ನಮ್ಮ ರಸ್ತೆಯ ಪಂಚಾಂಗ

'ನಮ್ಮ ಟ್ರಾಫಿಕ್‌ಗೆ ರೂಲೇ ಇಲ್ಲ, ಅಲ್ಲಿ ಏನು ಅಂದಾಜು ಮಾಡುವುದು' ಅನ್ನುವುದು ಎಲ್ಲರ ಮಾತು. ಹೂಡೆ, ಕೆಮ್ಮಣ್ಣು, ನೇಜಾರು ಕಡೆಯಿಂದ ದಿನಾ ಓಡಾಡುವ ನಮಗೆ ಹಾಗೆ ಅನಿಸುವುದಿಲ್ಲ. ರೂಲ್ ಇಲ್ಲದಿರಬಹುದು, ಅಭ್ಯಾಸ ಉಂಟು. ಗಲಾಟೆಯೂ ದಿನಾ ಒಂದೇ ಥರದ ಗಲಾಟೆ. ಅದನ್ನು ಪಂಚಾಂಗದ ಹಾಗೆ ಬರೆದಿಡಬಹುದು.

ಮೊದಲನೆಯದು ಸೂರ್ಯ. ಹೂಡೆಯಿಂದ ಸಂತೆಕಟ್ಟೆಗೆ ಹೋಗುವುದು ಪೂರ್ವಕ್ಕೆ, ಬೆಳಿಗ್ಗೆ ಬಿಸಿಲು ನೇರ ಕಣ್ಣಿಗೆ. ಸಂಜೆ ವಾಪಸ್ ಬರುವುದು ಪಶ್ಚಿಮಕ್ಕೆ, ಆಗಲೂ ಬಿಸಿಲು ಕಣ್ಣಿಗೆ. ನಮಗೆ ಕಾಣುವುದಿಲ್ಲ ಅನ್ನುವುದು ಅರ್ಧ ವಿಷಯ. ನಮ್ಮ ಹಿಂದೆ ಬರುವ ಕಾರಿನವನಿಗೂ ಅದೇ ಬಿಸಿಲು, ಅವನಿಗೆ ನಾವೂ ಸರಿಯಾಗಿ ಕಾಣುವುದಿಲ್ಲ. ಆ ಹೊತ್ತಿನಲ್ಲಿ ಸಡನ್ ಬ್ರೇಕ್ ಹಾಕುವ ಪರಿಸ್ಥಿತಿಯನ್ನೇ ತಂದುಕೊಳ್ಳಬಾರದು.

ಎರಡನೆಯದು ಬಸ್ಸು. ಕರಾವಳಿಯಲ್ಲಿ ಪ್ರೈವೇಟ್ ಬಸ್ಸುಗಳೇ ನಮ್ಮ ಬದುಕು, ಅವಕ್ಕೆ ನಿಮಿಷದ ಲೆಕ್ಕದಲ್ಲಿ ಟೈಮಿಂಗ್. ಬಸ್ಸಿನ ಹಿಂದೆ ಹೋಗುವವರು ಬಸ್ಸನ್ನು ನೋಡಬಾರದು, ಬಸ್ಸಿನ ಮುಂದೆ ರಸ್ತೆ ಬದಿಯಲ್ಲಿ ಯಾರಾದರೂ ನಿಂತಿದ್ದಾರಾ ಅಂತ ನೋಡಬೇಕು. ಕೈ ಎತ್ತಿದರೆ ಬಸ್ಸು ನಿಲ್ಲುತ್ತದೆ, ಇಂಡಿಕೇಟರ್ ಹಾಕಿದರೂ ಅಷ್ಟೇ, ಹಾಕದಿದ್ದರೂ ಅಷ್ಟೇ. ಬಾಗಿಲಲ್ಲಿ ಕಂಡಕ್ಟರ್ ಒಂದು ಕಾಲು ಕೆಳಗಿಟ್ಟರೆ ಅದೇ ಬ್ರೇಕ್ ಲೈಟ್. ನಿಂತ ಬಸ್ಸಿನ ಪಕ್ಕದಲ್ಲಿ ದಾಟುವಾಗ ಅದರ ಅಡಿಯಿಂದ ಕಣ್ಣು ಹಾಯಿಸಿ. ಆ ಕಡೆ ನಡೆಯುವ ಕಾಲುಗಳು ಕಂಡರೆ ಇನ್ನೆರಡು ಸೆಕೆಂಡಿನಲ್ಲಿ ಬಸ್ಸಿನ ಮುಂದಿನಿಂದ ಒಂದು ಸ್ಕೂಲ್ ಬ್ಯಾಗ್ ಹೊರಗೆ ಬರುತ್ತದೆ.

ಮೂರನೆಯದು ಹೈವೇ. ರಾಷ್ಟ್ರೀಯ ಹೆದ್ದಾರಿ 66 ಅಗಲವಾದ ಮೇಲೆ ನಡುವೆ ಡಿವೈಡರ್ ಬಂತು, ತಿರುಗಿಸುವ ಜಾಗ ದೂರವಾಯಿತು. ಹಾಗಾಗಿ ರಾಂಗ್ ಸೈಡಿನಲ್ಲಿ ಬರುವವರು ಖಾಯಂ ಗಿರಾಕಿಗಳು. ಒನ್ ವೇ ಅಂತ ಒಂದೇ ಕಡೆ ನೋಡಿ ಹೈವೇಗೆ ಇಳಿಯುವುದು ಪುಸ್ತಕದಲ್ಲಿ ಸರಿ, ನಮ್ಮಲ್ಲಿ ಎರಡೂ ಕಡೆ ನೋಡಬೇಕು. ಸಂತೆಕಟ್ಟೆಯಲ್ಲಿ ಅಂಡರ್‌ಪಾಸ್ ಕೆಲಸ ವರ್ಷಗಟ್ಟಲೆ ನಡೆಯಿತು, ನಿನ್ನೆ ಇದ್ದ ದಾರಿ ಇವತ್ತು ಇಲ್ಲ ಅನ್ನುವ ಹಾಗೆ. ಮಣಿಪಾಲದ ದಾರಿಯಲ್ಲಿ ಇಂದ್ರಾಳಿ ರೈಲ್ವೆ ಸೇತುವೆಯ ಕಥೆಯೂ ಹಾಗೇ ಎಳೆಯಿತು. ಕೆಲಸ ನಡೆಯುವ ಜಾಗದಲ್ಲಿ ರಸ್ತೆಗಿಂತ ಎದುರಿನವರ ಗೊಂದಲ ಅಪಾಯ. ದಾರಿ ಗೊತ್ತಿಲ್ಲದ ಕಾರು ಕೊನೇ ಕ್ಷಣದಲ್ಲಿ ತಿರುಗಿಸುತ್ತದೆ. ಇಂಡಿಕೇಟರ್ ನಂಬಬೇಡಿ, ಮುಂದಿನ ಚಕ್ರ ನೋಡಿ, ಚಕ್ರ ಸುಳ್ಳು ಹೇಳುವುದಿಲ್ಲ.

ನಾಲ್ಕನೆಯದು ನೀರು. ಉಡುಪಿಯಲ್ಲಿ ವರ್ಷಕ್ಕೆ 4,000 ಮಿ.ಮೀ. ಆಸುಪಾಸು ಮಳೆ. ಮೊದಲ ಮಳೆಯಲ್ಲಿ ಬೇಸಿಗೆಯ ಧೂಳು, ಎಣ್ಣೆ ಎಲ್ಲ ಮೇಲೆ ತೇಲಿ ರಸ್ತೆ ಸಾಬೂನು ಹಚ್ಚಿದ ಹಾಗಾಗುತ್ತದೆ. ಬಿಳಿ ಪಟ್ಟಿ, ಸೇತುವೆಯ ಕಬ್ಬಿಣದ ಜಾಯಿಂಟ್, ಒಳರಸ್ತೆಯಿಂದ ಲಾರಿ ಚಕ್ರದಲ್ಲಿ ಬಂದ ಕೆಂಪು ಮಣ್ಣು, ಮೂರೂ ಒದ್ದೆಯಾದಾಗ ಒಂದೇ. ನೀರು ನಿಂತ ಗುಂಡಿಯ ಆಳ ಮೇಲಿನಿಂದ ಗೊತ್ತಾಗುವುದಿಲ್ಲ, ಮುಂದೆ ಹೋದ ರಿಕ್ಷಾ ಎಷ್ಟು ಕುಸಿಯಿತು ಅಂತ ನೋಡಿದರೆ ಗೊತ್ತಾಗುತ್ತದೆ. ಜೂನ್, ಜುಲೈ ಎರಡು ತಿಂಗಳು ಯಾಂತ್ರಿಕ ಮೀನುಗಾರಿಕೆಗೆ ರಜೆ. ಆಗಸ್ಟಿನಲ್ಲಿ ಮಲ್ಪೆ ಬಂದರು ಮತ್ತೆ ಶುರುವಾದ ಕೂಡಲೇ ರಸ್ತೆಯಲ್ಲಿ ಮೀನಿನ ನೀರೂ ಶುರು. ಮೀನಿನ ಲಾರಿಯ ವಾಸನೆ ಮೂಗಿಗೆ ಬಂದರೆ ಹೊಟ್ಟೆ ತೊಳಸುವುದಕ್ಕೆ ಮುಂಚೆ ಥ್ರಾಟಲ್ ಸ್ವಲ್ಪ ಇಳಿಸಿ. ಮುಂದಿನ ತಿರುವಿನಲ್ಲಿ ಆ ನೀರು ಬಿದ್ದಿರಬಹುದು. ಅಂದಾಜಿಗೆ ಮೂಗೂ ಬೇಕು.

ಐದನೆಯದು ನಮ್ಮ ಬೆಂಗ್ರೆ ರಸ್ತೆ. ಒಂದು ಕಡೆ ಸ್ವರ್ಣಾ ನದಿ, ಇನ್ನೊಂದು ಕಡೆ ಅರಬ್ಬಿ ಸಮುದ್ರ, ನಡುವೆ ಸಪೂರ ರಸ್ತೆ, ಕೊನೆಗೆ ಕೋಡಿ ಬೆಂಗ್ರೆಯ ಅಳಿವೆ. ಡೆಲ್ಟಾ ಬೀಚ್ ಅಂತ ಇನ್‌ಸ್ಟಾಗ್ರಾಮ್‌ನಲ್ಲಿ ಫೇಮಸ್ ಆದ ಮೇಲೆ ಶನಿವಾರ, ಭಾನುವಾರ ಬರುವವರು ಜಾಸ್ತಿ. ಅಲ್ಲಿ ಯಾರ ಕಣ್ಣೂ ರಸ್ತೆಯ ಮೇಲೆ ಇರುವುದಿಲ್ಲ, ಅರ್ಧ ಜನ ನದಿ ನೋಡುತ್ತಾರೆ, ಅರ್ಧ ಜನ ಸಮುದ್ರ. ಫೋಟೋಗೆ ಅಂತ ನಡುರಸ್ತೆಯಲ್ಲಿ ಬೈಕ್ ನಿಲ್ಲುತ್ತದೆ. ಗಾಳಿಗೆ ಹಾರಿಬಂದ ಹೊಯಿಗೆ ಟಾರಿನ ಮೇಲೆ ತೆಳ್ಳಗೆ ಹರಡಿರುತ್ತದೆ, ಅದರ ಮೇಲೆ ಬೈಕ್ ಬಾಗಿಸಿದರೆ ಟಯರಿಗೆ ಹಿಡಿತ ಸಿಗುವುದಿಲ್ಲ. ಇದು ಊರಿನವರಿಗೆ ಗೊತ್ತು, ಬಾಡಿಗೆ ಬೈಕಿನಲ್ಲಿ ಬಂದವರಿಗೆ ಗೊತ್ತಿಲ್ಲ.

ಇನ್ನೂ ಒಂದು ಮಾತು. ಎದುರಿನವರು ನಮ್ಮನ್ನು ನೋಡಿಯೂ ನುಗ್ಗುತ್ತಾರೆ ಅಂತ ನಮಗೆ ಸಿಟ್ಟು ಬರುತ್ತದೆ. ಬೈಕಿನ ಮುಖ ಸಪೂರ. ಸಣ್ಣದಾಗಿ ಕಾಣುವ ವಸ್ತು ಇನ್ನೂ ದೂರ ಉಂಟು ಅಂತ ಕಣ್ಣು ಮೋಸ ಹೋಗುತ್ತದೆ. ಅದಕ್ಕೇ 2017ರ ಎಪ್ರಿಲ್‌ನಿಂದ ಹೊಸ ಬೈಕುಗಳಲ್ಲಿ ಹಗಲಲ್ಲೂ ಹೆಡ್‌ಲೈಟ್ ಉರಿಯುತ್ತಿರಬೇಕು ಅಂತ ಮಾಡಿದ್ದು. ಲೈಟ್ ಉರಿದರೂ ಕಣ್ಣಿನ ಮೋಸ ಪೂರ್ತಿ ಹೋಗಿಲ್ಲ. 'ಅವನು ನನ್ನನ್ನು ನೋಡಿದ್ದಾನೆ' ಅಂತ ಲೆಕ್ಕ ಹಾಕುವುದಕ್ಕಿಂತ 'ನೋಡಿಲ್ಲ' ಅಂತ ಲೆಕ್ಕ ಹಾಕಿದರೆ ನಷ್ಟ ಕಡಿಮೆ.

ಆಕ್ಷೇಪಗಳಿಗೆ ನಮ್ಮ ಉತ್ತರ

ಇದನ್ನೆಲ್ಲ ಫ್ರೆಂಡ್ಸ್ ಹತ್ತಿರ ಹೇಳಿದಾಗ ಬಂದ ಮೊದಲ ಆಕ್ಷೇಪ, 'ಇಷ್ಟೆಲ್ಲ ಯೋಚಿಸಿದರೆ ಬೈಕ್ ಓಡಿಸುವ ಖುಷಿ ಎಲ್ಲಿ ಮಾರಾಯ?' ನಮಗೆ ಉಲ್ಟಾ ಅನಿಸುತ್ತದೆ. ಏನು ಬರುತ್ತದೆ ಅಂತ ಗೊತ್ತಿಲ್ಲದವನಿಗೆ ಹೆದರಿಕೆ ಜಾಸ್ತಿ. ಅಂದಾಜು ಇರುವವರ ಬೈಕಿನ ಹಿಂದೆ ಕೂತು ನೋಡಿ. ಅವರು ಹಾರ್ನ್ ಕಡಿಮೆ ಹಾಕುತ್ತಾರೆ, ಸಡನ್ ಬ್ರೇಕ್ ಹಾಕುವುದೇ ಇಲ್ಲ, ಯಾರಿಗೂ ಬಯ್ಯುವುದೂ ಇಲ್ಲ. ಕಾಲೇಜಿಗೆ ಮುಟ್ಟುವುದು ನಮಗಿಂತ ಎರಡು ನಿಮಿಷ ತಡವಾಗಿ ಅಷ್ಟೆ.

ಎರಡನೇ ಆಕ್ಷೇಪ ಗಟ್ಟಿ. 'ರಸ್ತೆ ಸರಿ ಮಾಡುವುದು ಸರಕಾರದ ಕೆಲಸ, ನೀವು ಸವಾರನ ತಲೆಗೆ ಕಟ್ಟುತ್ತಿದ್ದೀರಿ.' ಈ ಮಾತಿನಲ್ಲಿ ಸತ್ಯ ಉಂಟು. ಗುಂಡಿಗೆ ಬಿದ್ದವನಿಗೆ 'ನಿನಗೆ ಅಂದಾಜು ಇರಲಿಲ್ಲ' ಅಂತ ಹೇಳಿ ಗುಂಡಿಯನ್ನು ಹಾಗೇ ಬಿಡುವುದು ಅನ್ಯಾಯ. ಇನ್ನೂ ಒಂದು ಅಪಾಯ ಉಂಟು. ಗುಂಡಿ ಎಲ್ಲಿದೆ ಅಂತ ಊರಿನವರಿಗೆಲ್ಲ ಗೊತ್ತಾದ ಮೇಲೆ ಎಲ್ಲರೂ ಅದನ್ನು ತಪ್ಪಿಸಿ ಹೋಗುತ್ತಾರೆ, ಯಾರೂ ದೂರು ಕೊಡುವುದಿಲ್ಲ. ಕೊನೆಗೆ ಬೀಳುವವರು ಆ ದಾರಿಯಲ್ಲಿ ಮೊದಲ ಸಲ ಬಂದವರು. ಬೇರೆ ಜಿಲ್ಲೆಯಿಂದ ಬಂದ ಫಸ್ಟ್ ಇಯರ್ ಜೂನಿಯರ್, ಬೀಚಿಗೆ ಬಂದ ಕುಟುಂಬ, ರಾತ್ರಿ ಯಕ್ಷಗಾನ ನೋಡಿ ಬೇರೆ ದಾರಿ ಹಿಡಿದು ಹೋಗುವವರು. ಹಾಗಾಗಿ ನಮ್ಮ ಅಂದಾಜು ನಮ್ಮ ತಲೆಯ ಒಳಗೇ ಉಳಿದರೆ ಅದು ಅರ್ಧ ಕೆಲಸ. ಎಲ್ಲಿ ನಾವೆಲ್ಲ ಅಭ್ಯಾಸಬಲದಿಂದ ಬ್ರೇಕ್ ಹಿಡಿಯುತ್ತೇವೋ ಆ ಜಾಗಗಳ ಪಟ್ಟಿಯೇ ಪಂಚಾಯತಿಗೂ ಲೋಕೋಪಯೋಗಿ ಇಲಾಖೆಗೂ ಹೆದ್ದಾರಿ ಪ್ರಾಧಿಕಾರಕ್ಕೂ ಕೊಡಬೇಕಾದ ಪಟ್ಟಿ. ರಸ್ತೆ ಸರಿಯಾಗಲು ತಿಂಗಳು, ವರ್ಷ ಬೇಕು. ಅಲ್ಲಿಯವರೆಗೆ ಬದುಕಿರಲು ಅಂದಾಜು ಬೇಕು. ಎರಡನ್ನೂ ಕೇಳೋಣ.

ಮೂರನೇ ಆಕ್ಷೇಪ, 'ಓಡಿಸ್ತಾ ಓಡಿಸ್ತಾ ತನ್ನಿಂತಾನೇ ಬರುತ್ತೆ.' ಬರುತ್ತದೆ, ಆದರೆ ಎಲ್ಲರಿಗೂ ಬರುವ ತನಕ ಸಮಯ ಸಿಗುವುದಿಲ್ಲ. ಬ್ರಿಟನ್ನಿನವರು 2002ರಲ್ಲೇ ಲೈಸೆನ್ಸ್ ಪರೀಕ್ಷೆಗೆ ಇದನ್ನು ಸೇರಿಸಿದರು. ಬೈಕಿನವರಿಗೂ ಕಾರಿನವರಿಗೂ ರಸ್ತೆಯ 14 ವಿಡಿಯೋ ತುಣುಕುಗಳನ್ನು ತೋರಿಸುತ್ತಾರೆ. ಅಪಾಯ ಬೆಳೆಯುತ್ತಿದೆ ಅಂತ ಅನಿಸಿದ ಕೂಡಲೇ ಕ್ಲಿಕ್ ಮಾಡಬೇಕು, ಬೇಗ ಗುರುತಿಸಿದರೆ ಹೆಚ್ಚು ಅಂಕ. ಅಂದರೆ ಅಂದಾಜಿಗೂ ಮಾರ್ಕ್ಸ್ ಕೊಡಬಹುದು ಅಂತಾಯಿತು. ನಮ್ಮಲ್ಲಿ ಅಂಥ ಪರೀಕ್ಷೆ ಬರುವ ತನಕ ಕಾಯಬೇಕು ಅಂತ ಏನೂ ಇಲ್ಲ.

ನಾವು ಏನು ಮಾಡಬಹುದು

ಮೂರು ಸಲಹೆ ಕೊಡುತ್ತೇವೆ, ಮೂರಕ್ಕೂ ದೊಡ್ಡ ಖರ್ಚಿಲ್ಲ.

ಒಂದು, ಫಸ್ಟ್ ಇಯರ್ ಓರಿಯಂಟೇಶನ್‌ನಲ್ಲಿ ಒಂದು ಗಂಟೆ. ಹೆಲ್ಮೆಟ್ ಹಾಕಿ ಅಂತ ಭಾಷಣ ಬೇಡ, ಅದನ್ನು ಎಲ್ಲರೂ ಕೇಳಿದ್ದಾರೆ. ಕಾರಿನ ಡ್ಯಾಶ್‌ಕ್ಯಾಮ್‌ನಲ್ಲಿ ಸಂತೆಕಟ್ಟೆಯಿಂದ, ಪೆರಂಪಳ್ಳಿಯಿಂದ, ಪರ್ಕಳದಿಂದ ಬರುವ ನಮ್ಮದೇ ರಸ್ತೆಗಳನ್ನು ಚಿತ್ರೀಕರಿಸಿ ಸೆಮಿನಾರ್ ಹಾಲಿನಲ್ಲಿ ತೋರಿಸೋಣ. ನಡುನಡುವೆ ವಿಡಿಯೋ ನಿಲ್ಲಿಸಿ ಒಂದೇ ಪ್ರಶ್ನೆ ಕೇಳೋಣ: 'ಈಗ ಏನಾಗಬಹುದು?' ಉತ್ತರ ಹೇಳಿದ ಮೇಲೆ ವಿಡಿಯೋ ಮುಂದುವರಿಸೋಣ.

ಎರಡು, ಹೆಲ್ಮೆಟ್ಟಿನ ಒಳಗೆ ಮಾತಾಡುವುದು. ಬ್ರಿಟನ್ನಿನ ಪೊಲೀಸ್ ಚಾಲಕರಿಗೆ ತರಬೇತಿಯಲ್ಲಿ ಕಂಡದ್ದನ್ನೆಲ್ಲ ಬಾಯಿಬಿಟ್ಟು ಹೇಳುತ್ತಾ ಓಡಿಸಲು ಕಲಿಸುತ್ತಾರೆ. ನಾವೂ ಪ್ರಯತ್ನಿಸಿದ್ದೇವೆ, ಕನ್ನಡದಲ್ಲೇ. 'ಎಡಕ್ಕೆ ರಿಕ್ಷಾ ಸ್ಟ್ಯಾಂಡ್, ಒಂದು ಹೊರಡಬಹುದು. ಒಂದು ದನ ದಾಟಿತು, ಇನ್ನೊಂದು ಉಂಟು. ಸಾಲಿನಲ್ಲಿ ಸುಮ್ಮನೆ ಖಾಲಿ ಜಾಗ, ಯಾರೋ ದಾಟ್ತಾ ಇದ್ದಾರೆ.' ಮೊದಲ ಎರಡು ದಿನ ನಾಚಿಕೆ ಆಗುತ್ತದೆ, ಸಿಗ್ನಲ್‌ನಲ್ಲಿ ಪಕ್ಕದವರು ತಿರುಗಿ ನೋಡುತ್ತಾರೆ. ಆದರೆ ಬಾಯಲ್ಲಿ ಹೇಳಬೇಕಾದರೆ ಕಣ್ಣು ಹುಡುಕಲೇಬೇಕು. ಮೊಬೈಲ್, ಪರೀಕ್ಷೆ, ನಿನ್ನೆಯ ಜಗಳ ಯಾವುದೂ ತಲೆಯೊಳಗೆ ಬರಲು ಜಾಗ ಸಿಗುವುದಿಲ್ಲ. ಇಯರ್‌ಫೋನ್ ಹಾಕಿಕೊಂಡು ಇದನ್ನು ಮಾಡಲು ಆಗುವುದಿಲ್ಲ ಅನ್ನುವುದು ಇನ್ನೊಂದು ಲಾಭ.

ಮೂರು, ಆ ಪಟ್ಟಿ. ನೀವು ದಿನಾ ಬರುವ ದಾರಿಯಲ್ಲಿ ಕೈ ತನ್ನಿಂತಾನೇ ಬ್ರೇಕಿಗೆ ಹೋಗುವ ಜಾಗ ಯಾವುದು, ಯಾಕೆ, ಯಾವ ತಿಂಗಳಲ್ಲಿ, ಯಾವ ಹೊತ್ತಿನಲ್ಲಿ ಅಂತ ಎರಡು ಸಾಲು ಬರೆದು ನಮ್ಮ ಸಂಘಕ್ಕೆ ಕಳಿಸಿ. ಕಾಪುವಿನಿಂದ, ಕಾರ್ಕಳದಿಂದ, ಹಿರಿಯಡ್ಕದಿಂದ ಬರುವವರೂ ಕಳಿಸಿ, ನಿಮ್ಮ ದಾರಿಯ ಅಂದಾಜು ನಮಗಿಲ್ಲ. ಹೂಡೆ ಕಡೆಯ ಪಟ್ಟಿಯನ್ನು ನಾವು ಈಗಾಗಲೇ ಶುರು ಮಾಡಿದ್ದೇವೆ, ಹನ್ನೊಂದು ಜಾಗ ಆಗಿದೆ. ಎಲ್ಲವನ್ನೂ ಸೇರಿಸಿ ಮಳೆಗಾಲಕ್ಕೆ ಮುಂಚೆ ಒಂದು ಪ್ರತಿಯನ್ನು ನೋಟಿಸ್ ಬೋರ್ಡಿಗೆ ಹಾಕೋಣ, ಇನ್ನೊಂದನ್ನು ಆಯಾ ಪಂಚಾಯತಿಗೆ ಕೊಡೋಣ. ಜೂನ್ ಬರಲು ತುಂಬ ದಿನ ಇಲ್ಲ, ಈ ವಾರವೇ ಕಳಿಸಿದರೆ ಒಳ್ಳೆಯದು.